ಕುಲೋಬ್ ಸೀಮೆಯಲ್ಲಿ ಒಂದು ರಾತ್ರಿಯ ಗುರುಗ್ಲಿ: ಒಂದು ಪ್ರವಾಸ ಸೇವೆಯ ವಿಮರ್ಶೆ

ತಾಜಿಕಿಸ್ತಾನದ ರಾಜಧಾನಿ ದುಶಾಂಬೆಯಿಂದ ದಕ್ಷಿಣದ ಖತ್ಲೋನ್ ಪ್ರಾಂತ್ಯಕ್ಕೆ ಕರೆದುಕೊಂಡು ಹೋಗಿ, ಕುಲೋಬ್ ಪಟ್ಟಣದ ಆಚೆಯ ಹಳ್ಳಿಯೊಂದರ ಮನೆಯಲ್ಲಿ ಇಳಿಸಿ, ರಾತ್ರಿ ಊಟದ ನಂತರ ಗುರುಗ್ಲಿ ಎಂಬ ವೀರಕಾವ್ಯದ ಗಾಯನವನ್ನು ಕೇಳಿಸುವ ಸೇವೆಯೊಂದನ್ನು ಅಲ್ಲಿನ ಸಣ್ಣ ಪ್ರವಾಸ ಸಂಘಟಕರು ನಡೆಸುತ್ತಿದ್ದಾರೆ. ಅಷ್ಟು ದೂರ ಹೋಗಲು ಬಿಡುವಿಲ್ಲದವರಿಗಾಗಿ ದುಶಾಂಬೆಯಲ್ಲೇ, ಸಂಜೆಯ ಹೊತ್ತು, ಸುಮಾರು ಒಂದು ಗಂಟೆಯ ಅವಧಿಯ ಇನ್ನೊಂದು ಕಾರ್ಯಕ್ರಮವನ್ನೂ ಅವರು ಏರ್ಪಡಿಸುತ್ತಾರೆ. ಎರಡನ್ನೂ ಕೇಳಿದ್ದೇನೆ. ಹಳ್ಳಿಯ ರಾತ್ರಿಗೆ ಕೊಟ್ಟ ಹಣ ಸಂಪೂರ್ಣ ಸಾರ್ಥಕ ಎಂದೂ, ನಗರದ ಒಂದು ಗಂಟೆಗಾಗಿ ಯಾರೂ ಹಣ ಕೊಡಬೇಕಾಗಿಲ್ಲ ಎಂದೂ ಮೊದಲೇ ಹೇಳಿಬಿಡುತ್ತೇನೆ. ಒಬ್ಬೊಬ್ಬನೇ ಗಾಯಕ, ಅದೇ ವಾದ್ಯ, ಅದೇ ಕಾವ್ಯವಿರುವ ಈ ಎರಡು ಸೇವೆಗಳ ನಡುವೆ ಇಷ್ಟು ಅಂತರ ಏಕೆ ಬಂತೆಂಬುದನ್ನು ವಿವರಿಸಿದರೆ, ಈ ಕಲೆಯನ್ನು ಕೇಳಲು ಹೋಗುವವರು ಯಾವುದಕ್ಕೆ ಬೆಲೆ ಕೊಡುತ್ತಿದ್ದಾರೆಂಬುದೂ ಸ್ಪಷ್ಟವಾಗುತ್ತದೆ.

ಗುರುಗ್ಲಿಯ ಕಥೆ ತಾಜಿಕರಿಗೆ ಮಾತ್ರ ಸೇರಿದ್ದಲ್ಲ. ತುರ್ಕಿ, ಅಜರ್‌ಬೈಜಾನ್, ತುರ್ಕ್ಮೆನಿಸ್ತಾನ್, ಉಜ್ಬೇಕಿಸ್ತಾನ್‌ಗಳಲ್ಲಿ ಇದೇ ನಾಯಕನನ್ನು ಬೇರೆ ಬೇರೆ ರೂಪಗಳಲ್ಲಿ ಹಾಡುತ್ತಾರೆ; ತುರ್ಕ್ಮೆನ್ ರೂಪವು 2015ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೂ ಸೇರಿತು. ಪಶ್ಚಿಮದ ರೂಪಗಳಲ್ಲಿ ಅವನು, ಒಡೆಯನೊಬ್ಬ ಕಣ್ಣು ಕೀಳಿಸಿದ ತನ್ನ ತಂದೆಯ ಪರವಾಗಿ ಸೇಡು ತೀರಿಸಿಕೊಳ್ಳಲು ಬೆಟ್ಟ ಹತ್ತಿದ ಬಂಡಾಯಗಾರ. ಮಧ್ಯ ಏಷ್ಯಾದ ರೂಪಗಳಲ್ಲಿ ಅವನು ಬಸುರಿಯಾಗಿರುವಾಗಲೇ ತೀರಿಕೊಂಡ ತಾಯಿಯ ಗೋರಿಯೊಳಗೆ ಹುಟ್ಟಿ, ಹೆಣ್ಣುಕುದುರೆಯ ಹಾಲು ಕುಡಿದು ಬದುಕಿದ ಕೂಸು. ಅವನ ಹೆಸರು ಬಂದದ್ದೂ ಆ ಗೋರಿಯಿಂದಲೇ. ಬೆಳೆದ ಮೇಲೆ ಅವನು ಚಂಬುಲ್ ಎಂಬ ನಗರದ ಅರಸನಾಗುತ್ತಾನೆ. ಯಾವ ಭೂಪಟದಲ್ಲೂ ಸಿಗದ ಈ ಚಂಬುಲ್‌ನಲ್ಲಿ ಅನ್ಯಾಯವಿಲ್ಲ, ಹಸಿವಿಲ್ಲ, ಬಂದವರನ್ನು ಬಾಗಿಲಿಂದ ಹಿಂದಕ್ಕೆ ಕಳಿಸುವ ಪದ್ಧತಿಯಿಲ್ಲ. ಸೋವಿಯತ್ ಕಾಲದ ವಿದ್ವಾಂಸರು ಇದರಲ್ಲಿ ದುಡಿಯುವ ಜನರ ಕನಸಿನ ರಾಜ್ಯವನ್ನು ಕಂಡು, ಕಾವ್ಯಕ್ಕೆ ಗೌರವದ ಸ್ಥಾನ ಕೊಟ್ಟರು. 1987ರಲ್ಲಿ ಮಾಸ್ಕೋದ ನೌಕಾ ಪ್ರಕಾಶನವು ಸೋವಿಯತ್ ಜನಾಂಗಗಳ ಮಹಾಕಾವ್ಯಗಳ ಮಾಲೆಯಲ್ಲಿ ಇದರ ಒಂದು ದೊಡ್ಡ ಸಂಪುಟವನ್ನು ಹೊರತಂದಿತು.

ಕಥೆಯ ಮಟ್ಟಿಗೆ ನೆರೆಯ ತುರ್ಕಿ ಮೂಲದ ಭಾಷೆಗಳೊಂದಿಗೆ ನಂಟಿದ್ದರೂ, ತಾಜಿಕ್ ಗುರುಗ್ಲಿಯ ಕಟ್ಟಡ ಬೇರೆಯೇ ಬಗೆಯದು. ತುರ್ಕ್ಮೆನ್ ಮತ್ತು ಉಜ್ಬೇಕ್ ಗಾಯಕರು ಕಥೆಯ ನಡೆಯನ್ನು ಗದ್ಯದಲ್ಲಿ ಹೇಳಿ, ಮಾತುಕತೆ ಮತ್ತು ಭಾವದ ಘಟ್ಟಗಳು ಬಂದಾಗ ಪದ್ಯಕ್ಕೆ ಹೊರಳುತ್ತಾರೆ. ತಾಜಿಕ್ ಗಾಯಕ ಮೊದಲಿಂದ ಕೊನೆಯವರೆಗೆ ಪದ್ಯದಲ್ಲೇ ಇರುತ್ತಾನೆ. ಕುದುರೆಗೆ ಜೀನು ಕಟ್ಟುವುದು, ದೂತ ಬಂದದ್ದು, ದಾರಿ ತಪ್ಪಿದ್ದು, ಎಲ್ಲವನ್ನೂ ಹಾಡಿಯೇ ಹೇಳಬೇಕು. ಆ ಪದ್ಯವೂ ಹಳೆಯ ಪಾರ್ಸಿ ಕವಿಗಳಾದ ರೂದಕಿ, ಫಿರ್ದೌಸಿಯರ ಬರಹದ ಕಾವ್ಯದಲ್ಲಿರುವ, ಗುರು ಲಘುಗಳ ಲೆಕ್ಕದ ಅರೂಜ್ ಛಂದಸ್ಸಿಗೆ ಒಳಪಟ್ಟದ್ದಲ್ಲ. ಸಾಲುಗಳು ಚಿಕ್ಕವು, ಒಂದೇ ಅಂತ್ಯಪ್ರಾಸವನ್ನು ಹಿಡಿದು ನಾಲ್ಕು ಸಾಲು ಬರಬಹುದು, ಹದಿನಾಲ್ಕು ಬರಬಹುದು, ಗಾಯಕನ ಉಸಿರು ಮತ್ತು ಕಥೆಯ ಒತ್ತಡ ಎಲ್ಲಿಯವರೆಗೆ ಒಯ್ಯುತ್ತವೆಯೋ ಅಲ್ಲಿಯವರೆಗೆ ಆ ಪ್ರಾಸ ನಡೆದು, ಬಳಿಕ ಇನ್ನೊಂದಕ್ಕೆ ದಾಟುತ್ತದೆ. ಬಿಡಿ ಕಥಾಭಾಗವನ್ನು ದೋಸ್ತೋನ್ ಎನ್ನುತ್ತಾರೆ, ಹಾಡುವವನನ್ನು ಗುರುಗ್ಲಿಖೋನ್ ಎಂದೋ ಗುರುಗ್ಲಿಸರೋ ಎಂದೋ ಕರೆಯುತ್ತಾರೆ. ಕುಲೋಬ್, ರಷ್ತ್ ಕಣಿವೆ, ದರ್ವೋಜ್, ಹಿಸೋರ್ ಇದರ ನೆಲೆಗಳು. ವಿದೇಶಿ ಪ್ರವಾಸಿಗರಲ್ಲಿ ಹೆಚ್ಚಿನವರು ಪಾಮಿರ್ ಬೆಟ್ಟಗಳಿಗೆ ಹೋಗಿ ಖೋರೋಗ್‌ನ ಸಂಗೀತ ಕೇಳಿ ಮರಳುವುದರಿಂದ, ಕುಲೋಬ್ ಕಡೆಗೆ ಕರೆದೊಯ್ಯುವ ಈ ಸೇವೆ ತನ್ನ ಆಯ್ಕೆಯಿಂದಲೇ ಮೆಚ್ಚುಗೆಗೆ ಅರ್ಹವಾಗಿದೆ.

ಹಳ್ಳಿಯ ಮನೆಯಲ್ಲಿ ಗಾಯನ ನಡೆಯುವುದು ಅತಿಥಿಗಳಿಗೆಂದೇ ಮೀಸಲಾದ ಮೆಹಮೋನ್‌ಖೋನಾ ಎಂಬ ಉದ್ದನೆಯ ಕೋಣೆಯಲ್ಲಿ. ಗೋಡೆಗಳ ಉದ್ದಕ್ಕೂ ಕುರ್‌ಪಾಚಾ ಎಂಬ ಹತ್ತಿಯ ಹಾಸುಗಳಿರುತ್ತವೆ. ನಡುವೆ ಊಟದ ಬಟ್ಟೆಯಾದ ದಸ್ತರ್‌ಖಾನ್ ಹಾಸಿ ರೊಟ್ಟಿ, ಒಣಹಣ್ಣು, ಹಸಿರು ಚಹಾ ಇಟ್ಟಿರುತ್ತಾರೆ. ಬಾಗಿಲಿನಿಂದ ದೂರದ ಗೌರವದ ಜಾಗದಲ್ಲಿ ನಮ್ಮನ್ನು ಕೂರಿಸಿದರು. ಗಾಯಕನನ್ನು ಅದಕ್ಕೂ ಮೇಲಿನ ಸ್ಥಾನಕ್ಕೆ ಕರೆದರು. ಸಂಘಟಕರು ಮಾಡಿರುವ ಅತಿ ಸರಿಯಾದ ಕೆಲಸವೆಂದರೆ, ಕೋಣೆಯನ್ನು ಹಣ ಕೊಟ್ಟು ಬಂದವರಿಂದಲೇ ತುಂಬದೆ ಊರಿನವರಿಗೆ ಬಾಗಿಲು ತೆರೆದಿಟ್ಟಿರುವುದು. ನಾವು ಕೆಲವೇ ಜನ ಹೊರಗಿನವರಿದ್ದೆವು. ಉಳಿದಂತೆ ಅಕ್ಕಪಕ್ಕದ ಮನೆಗಳ ಹಿರಿಯರು, ಹೊಲದಿಂದ ಬಂದ ಗಂಡಸರು, ಬಾಗಿಲ ಬಳಿ ಒತ್ತೊತ್ತಾಗಿ ಕುಳಿತ ಹುಡುಗರು ಇದ್ದರು. ಗಾಯಕ ಕಣ್ಣಿಟ್ಟು ಹಾಡಿದ್ದು ಅವರತ್ತ. ಹಿಂದೆ ಬೆಟ್ಟದ ಹಳ್ಳಿಗಳಲ್ಲಿ ಮಸೀದಿಗೆ ಹೊಂದಿಕೊಂಡೋ ಅದರ ಸಮೀಪದಲ್ಲೋ ಅಲೋವ್‌ಖೋನಾ ಎಂಬ ಬೆಂಕಿಮನೆ ಇರುತ್ತಿತ್ತು. ಚಳಿಗಾಲದ ರಾತ್ರಿಗಳಲ್ಲಿ ಗಂಡಸರು ಅಲ್ಲಿ ಬೆಂಕಿಯ ಸುತ್ತ ಸೇರಿ ಕಥೆ, ಹಾಡು ಕೇಳುತ್ತಿದ್ದರು. ಆ ಕೂಟದ ಕೆಲವು ಗುಣಗಳಾದರೂ ಈ ಕೋಣೆಯಲ್ಲಿ ಉಳಿದಿರುವುದು ಊರಿನವರ ಇರುವಿಕೆಯಿಂದಲೇ.

ವಾದ್ಯದ ಹೆಸರು ದುಂಬ್ರಕ್. ನಗರದ ಸಂಗೀತ ಕಛೇರಿಗಳಲ್ಲಿ ಕಾಣುವ ಉದ್ದ ಕತ್ತಿನ, ಮೆಟ್ಟಿಲುಗಳಿರುವ ದುತೋರ್‌ಗಿಂತ ಇದು ಚಿಕ್ಕದು, ಇದರ ಕತ್ತಿನ ಮೇಲೆ ಮೆಟ್ಟಿಲುಗಳಿಲ್ಲ, ತಂತಿಗಳು ಎರಡೇ. ಹಿಪ್ಪುನೇರಳೆ ಅಥವಾ ಜರ್ದಾಳು ಮರವನ್ನು ಕೊರೆದು ಮಾಡುತ್ತಾರೆ; ಹಿಂದೆ ಕರುಳಿನ ತಂತಿ ಕಟ್ಟುತ್ತಿದ್ದ ಜಾಗಕ್ಕೆ ಈಗ ನೈಲಾನ್ ಬಂದಿದೆ. ಬಲಗೈಯ ಬೆರಳುಗಳೆಲ್ಲ ಒಟ್ಟಾಗಿ ಮೀಟುವುದರಿಂದ ನಾದ ಒಣಗಿದಂತೆ, ಕುದುರೆಯ ಓಟದ ಲಯದಲ್ಲಿ ಬರುತ್ತದೆ. ಇಡೀ ರಾತ್ರಿ ಅದು ಒಂದು ಚಿಕ್ಕ ಸ್ವರಗುಚ್ಛದ ಸುತ್ತಲೇ ತಿರುಗುತ್ತದೆ. ಮೊದಲ ಹತ್ತು ನಿಮಿಷ ಇದು ಏಕತಾನವೆನಿಸುವುದು ಸಹಜ; ಅಷ್ಟರಲ್ಲೇ ತೀರ್ಮಾನಕ್ಕೆ ಬರಬಾರದೆಂದು ಹೋಗುವವರಲ್ಲಿ ಕೇಳಿಕೊಳ್ಳುತ್ತೇನೆ. ವಾದ್ಯ ಇಲ್ಲಿ ಗಾಯಕನ ಉಸಿರಿಗೆ ಆಧಾರ, ಮುಂದಿನ ಸಾಲನ್ನು ಹೊಂದಿಸಿಕೊಳ್ಳಲು ಬೇಕಾದ ಬಿಡುವನ್ನು ಅವನಿಗೆ ಒದಗಿಸಿಕೊಡುವ ಸಹಾಯಕ. ಕಿರ್ಗಿಜ್‌ನ ಮನಾಸ್ ಮಹಾಕಾವ್ಯದ ಗಾಯಕರಾದ ಮನಸ್ಚಿಗಳು ವಾದ್ಯವೇ ಇಲ್ಲದೆ ಹಾಡುತ್ತಾರೆಂಬುದನ್ನು ನೆನೆದರೆ, ತಾಜಿಕ್ ಗಾಯಕನಿಗೆ ಈ ಎರಡು ತಂತಿಗಳಿಂದ ಎಷ್ಟು ಬಲ ಸಿಗುತ್ತದೆಂಬುದು ತಿಳಿಯುತ್ತದೆ.

ಈ ಕಲೆಯಲ್ಲಿ ಎಲ್ಲಕ್ಕಿಂತ ಮೊದಲು ಕಿವಿಗೆ ಬೀಳುವುದು ಮತ್ತು ಎಲ್ಲಕ್ಕಿಂತ ತಡವಾಗಿ ಅರ್ಥವಾಗುವುದು ಕಂಠ. ಗುರುಗ್ಲಿಖೋನ್ ತನ್ನ ದಿನನಿತ್ಯದ ದನಿಯಲ್ಲಿ ಹಾಡುವುದಿಲ್ಲ. ಗಂಟಲನ್ನು ಬಿಗಿದು, ಎದೆಯ ತಳದಿಂದ ಒತ್ತಿ ತಂದ, ಒರಟಾದ, ತಗ್ಗಿನ ದನಿಯದು. ಉಜ್ಬೇಕಿಸ್ತಾನದ ದಕ್ಷಿಣ ಭಾಗದ ಕಥಾಗಾಯಕರಾದ ಬಖ್ಶಿಗಳಲ್ಲೂ ಇಂಥದೇ ಬಿಗಿದ ಕಂಠವಿದೆ. ಚಹಾ ಕುಡಿಯುತ್ತ ಮೆಲ್ಲಗೆ ಮಾತಾಡುತ್ತಿದ್ದ ವಯಸ್ಸಾದ ರೈತನ ಬಾಯಿಂದ ಆ ದನಿ ಹೊರಟಾಗ, ಕೋಣೆಯಲ್ಲಿ ಬೇರೊಬ್ಬರು ಬಂದು ಕುಳಿತಿದ್ದಾರೆಂಬ ಅನುಭವವಾಯಿತು. ಪದಗಳು ಆ ಒರಟಿನೊಳಗೆ ಅರ್ಧ ಮುಳುಗಿರುತ್ತವೆ. ತಾಜಿಕ್ ಬಲ್ಲ ನಗರದ ಯುವಕರಿಗೂ ಆರಂಭದಲ್ಲಿ ಎಲ್ಲವೂ ಬಿಡಿಸಿ ಕೇಳಿಸುವುದಿಲ್ಲವೆಂದು ನಮ್ಮ ಜೊತೆಗಿದ್ದ ದುಶಾಂಬೆಯ ಮಾರ್ಗದರ್ಶಿಯೇ ಹೇಳಿದರು. ಆದರೆ ಒಂದು ಗಂಟೆ ಕಳೆಯುವ ಹೊತ್ತಿಗೆ ಕಿವಿ ಹದಗೊಂಡು, ಹೆಸರುಗಳು, ಮರುಕಳಿಸುವ ಸಾಲುಗಳು ಒಂದೊಂದಾಗಿ ಮೇಲೆದ್ದು ಬರುತ್ತವೆ. ನಗರದ ಕಾರ್ಯಕ್ರಮ ಮುಗಿಯುವುದು ಸರಿಯಾಗಿ ಕೇಳುಗನ ಕಿವಿ ತೆರೆದುಕೊಳ್ಳುವ ಈ ಗಳಿಗೆಯಲ್ಲಿ.

ಗಾಯಕ ಒಂದು ದೋಸ್ತೋನನ್ನು ಹಲವು ತುಣುಕುಗಳಾಗಿ ಹಾಡುತ್ತಾನೆ. ಪ್ರತಿ ತುಣುಕು ನಿಧಾನವಾಗಿ, ಬಹುತೇಕ ಮಾತಿನಂತೆ ಆರಂಭವಾಗುತ್ತದೆ. ಕ್ರಮೇಣ ಲಯ ಬಿಗಿಯಾಗುತ್ತದೆ, ದನಿ ಏರುತ್ತದೆ, ಸಾಲುಗಳ ನಡುವಿನ ಬಿಡುವು ಕರಗಿಹೋಗುತ್ತದೆ. ತೀರಾ ಮೇಲಕ್ಕೆ ಹೋದ ಮೇಲೆ ಒಂದು ದೀರ್ಘ ಸ್ವರದೊಂದಿಗೆ ಕೆಳಗಿಳಿದು ತಂತಿಯ ಮೇಲೆ ಕೈ ನಿಲ್ಲಿಸುತ್ತಾನೆ. ಆಗ ಕೇಳುಗರು "ಓಫರೀನ್", ಎಂದರೆ ಭಲೇ, ಎನ್ನುತ್ತಾರೆ, ಯಾರೋ ಚಹಾ ಬಗ್ಗಿಸುತ್ತಾರೆ, ಗಾಯಕ ಬೆವರು ಒರೆಸಿಕೊಳ್ಳುತ್ತಾನೆ, ಹಿರಿಯರೊಬ್ಬರು ಮುಂದೇನಾಯಿತೆಂದು ಗೊತ್ತಿದ್ದೂ ಕೇಳುತ್ತಾರೆ. ಈ ಬಿಡುವುಗಳೂ ಗಾಯನದ ಅಂಗವೇ. ಮುಂದಿನ ತುಣುಕು ಎಷ್ಟು ಉದ್ದವಾಗಬೇಕು, ಯುದ್ಧವನ್ನು ಬೆಳೆಸಬೇಕೋ ವಿರಹವನ್ನೋ ಎಂಬುದನ್ನು ಗಾಯಕ ಕೋಣೆಯ ಮುಖಗಳನ್ನು ನೋಡಿ ನಿರ್ಧರಿಸುತ್ತಾನೆ. ಅವನ ಬಳಿ ಅಕ್ಷರಕ್ಷರವಾಗಿ ಕಂಠಪಾಠ ಮಾಡಿದ ಪಠ್ಯವಿಲ್ಲ. ಕಥೆಯ ಜಾಡು, ಗುರುವಿನಿಂದ ಬಂದ ರಾಗ, ಕುದುರೆಯ ವರ್ಣನೆ, ಆಯುಧಗಳ ವರ್ಣನೆ, ಅರಸನ ಸಭೆಯ ವರ್ಣನೆ ಮುಂತಾದ ಸಿದ್ಧ ಸಾಲುಗಳ ಭಂಡಾರವಿದೆ. ಅವುಗಳಿಂದ ಅವನು ಆ ರಾತ್ರಿಯ ಕಾವ್ಯವನ್ನು ಕಟ್ಟುತ್ತಾನೆ.

ನಾವು ಕೇಳಿದ ಭಾಗ ಅವಜ್‌ನ ಕುರಿತದ್ದು. ಗುರುಗ್ಲಿಗೆ ಸ್ವಂತ ಮಕ್ಕಳಿಲ್ಲ. ಅವಜ್ ಅವನು ಸಾಕಿಕೊಂಡ ಮಗ. ಹೆಸರು ಗುರುಗ್ಲಿಯದಾದರೂ ತಾಜಿಕ್ ದೋಸ್ತೋನ್‌ಗಳಲ್ಲಿ ಹಲವನ್ನು ಹೊತ್ತು ನಡೆಯುವವನು ಈ ಸಾಕುಮಗನೇ. ಹೊರಗಿನಿಂದ ಬಂದ ಹುಡುಗ ಚಂಬುಲ್‌ನ ಕಣ್ಮಣಿಯಾದದ್ದು ಅರಸನ ಬಂಧುವಾದ ಅಹಮದ್‌ನಿಗೆ ಸಹಿಸದು. ಚಾಡಿಮಾತು ತಂದೆಯ ಕಿವಿ ಸೇರುತ್ತದೆ, ತಂದೆ ದುಡುಕಿ ಒಂದು ಮಾತನಾಡುತ್ತಾನೆ, ಮಗ ಮಾತಿಲ್ಲದೆ ಕುದುರೆಯೇರಿ ನಗರ ಬಿಡುತ್ತಾನೆ. ರಾತ್ರಿಯ ಹೆಚ್ಚಿನ ಪಾಲು ಹೋದದ್ದು ಯುದ್ಧಕ್ಕಲ್ಲ, ಈ ಮುನಿಸಿಗೆ. ಅವಜ್ ಹಿಂದಿರುಗಿ ನೋಡುತ್ತಾನೋ ಇಲ್ಲವೋ ಎಂಬ ಒಂದು ಘಟ್ಟವನ್ನು ಗಾಯಕ ಎಷ್ಟು ಬೆಳೆಸಿದನೆಂದರೆ, ಮುಂದಿನ ಸಾಲಿನ ಗೋಜಿಗೇ ಹೋಗದೆ ಅದೇ ಪ್ರಾಸದಲ್ಲಿ ಕುದುರೆಯ ಕಿವಿ, ಲಗಾಮು, ನಗರದ ಬಾಗಿಲು, ಬಾಗಿಲಲ್ಲಿ ನಿಂತವರು ಎಂದು ಒಂದೊಂದನ್ನೇ ಎತ್ತಿಕೊಂಡು ಹಾಡುತ್ತ ಹೋದ. ನನ್ನ ಪಕ್ಕದಲ್ಲಿದ್ದ ಹಿರಿಯರು ಕಣ್ಣು ಮುಚ್ಚಿಕೊಂಡೇ ತಲೆಯಾಡಿಸುತ್ತಿದ್ದರು. ವೀರಕಾವ್ಯವೆಂಬ ಹೆಸರು ಕೇಳಿ ಕತ್ತಿಯ ಸದ್ದನ್ನಷ್ಟೇ ನಿರೀಕ್ಷಿಸಿ ಹೋಗುವವರಿಗೆ, ತಂದೆ ಮಗನ ನಡುವಿನ ಮನಸ್ತಾಪವನ್ನು ಇಷ್ಟು ಹೊತ್ತು, ಇಷ್ಟು ಗಂಭೀರವಾಗಿ ಹಾಡುವ ಪರಂಪರೆ ಇದೆಂದು ಮೊದಲೇ ತಿಳಿದಿದ್ದರೆ ಒಳ್ಳೆಯದು. ತಂದೆ ಮಗನನ್ನು ಅಪ್ಪಿಕೊಳ್ಳುವ ದೃಶ್ಯ ನಡುರಾತ್ರಿ ದಾಟಿದ ಮೇಲೆ ಬಂತು. ಅದಕ್ಕಾಗಿ ಕಾದವರಿಗೆ ಮಾತ್ರ ಅದರ ತೂಕ ಗೊತ್ತಾಗುವಂಥದು.

ನಗರದ ಕಾರ್ಯಕ್ರಮದಲ್ಲಿ ಹಾಡಿದವನೂ ಸಮರ್ಥನೇ. ಆದರೆ ಅಲ್ಲಿ ಅವನಿಗೆ ಸಿಕ್ಕ ಹೊತ್ತಿನಲ್ಲಿ ಎರಡು ತುಣುಕುಗಳನ್ನಷ್ಟೇ ಹಾಡಲು ಸಾಧ್ಯವಾಯಿತು. ನಿಧಾನದ ಆರಂಭವನ್ನು ಬಿಟ್ಟು ನೇರವಾಗಿ ಏರುದನಿಯಿಂದ ಶುರುಮಾಡಬೇಕಾಯಿತು, ಜೀನು ಕಟ್ಟುವ ಸಾಲುಗಳನ್ನು ಕತ್ತರಿಸಬೇಕಾಯಿತು, ನಡುವೆ ಚಹಾಕ್ಕೆ, ಮಾತಿಗೆ ಎಡೆಯಿರಲಿಲ್ಲ. ಇದಕ್ಕಿಂತ ದೊಡ್ಡ ತೊಂದರೆ ಧ್ವನಿವರ್ಧಕದ್ದು. ದುಂಬ್ರಕ್‌ನ ಸಣ್ಣ ನಾದವೂ ಗಂಟಲಿನ ಒರಟು ದನಿಯೂ ಒಂದು ಕೋಣೆಯ ಅಳತೆಗೆ ಹೊಂದುವಂಥವು. ಮೈಕಿನ ಮೂಲಕ ಹಾಯ್ದಾಗ ತಂತಿಯ ಮೇಲೆ ಬೆರಳು ತಾಗುವ ಸದ್ದು ಹಿಗ್ಗಿ, ಕಂಠದ ಒಳಪದರಗಳೆಲ್ಲ ಒಂದೇ ಗದ್ದಲವಾಗಿ ಕೇಳಿಸಿದವು. ಚಾಪನ್ ಎಂಬ ಹೊಳೆಯುವ ಜರಿ ನಿಲುವಂಗಿ ತೊಡಿಸಿ, ಹಿಂದೆ ಬೆಟ್ಟದ ಚಿತ್ರ ಹಾಕಿ, ಗಾಯಕನನ್ನು ಕುರ್ಚಿಯ ಮೇಲೆ ಕೂರಿಸಿದ್ದರು. ಕೇಳಲು ಬಂದವರಲ್ಲಿ ಕಥೆ ಗೊತ್ತಿದ್ದವರು ಬಹುಶಃ ಯಾರೂ ಇರಲಿಲ್ಲ. ಆದ್ದರಿಂದ ಚಪ್ಪಾಳೆ ಬಂದದ್ದು ಕೊನೆಯಲ್ಲಿ ಒಮ್ಮೆ ಮಾತ್ರ. ಸಂಘಟಕರು ಇದನ್ನು "ಪರಿಚಯ"ವೆಂದು ಕರೆಯುತ್ತಾರೆ. ಈ ಪರಿಚಯ ಪಡೆದವರು ಗುರುಗ್ಲಿ ಎಂದರೆ ಒರಟು ದನಿಯ, ಅರ್ಥವಾಗದ, ಬೇಗ ಮುಗಿಯುವ ಹಾಡು ಎಂದುಕೊಂಡು ಊರಿಗೆ ಮರಳುತ್ತಾರೆ, ಮತ್ತೆ ಕುಲೋಬ್‌ಗೆ ಹೋಗುವ ಮನಸ್ಸು ಮಾಡುವುದಿಲ್ಲ. ಹೊತ್ತನ್ನು ಕಡಿತಗೊಳಿಸಿದರೆ ಈ ಕಾವ್ಯದಿಂದ ಕಾವ್ಯವೇ ಹೊರಟುಹೋಗುತ್ತದೆ ಎಂಬುದನ್ನು ಹಳ್ಳಿಯ ರಾತ್ರಿಯನ್ನು ಇಷ್ಟು ಚೆನ್ನಾಗಿ ರೂಪಿಸಿರುವ ಇವರೇ ಮರೆತಿರುವುದು ಬೇಸರದ ಸಂಗತಿ.

ಅನುವಾದದ ಏರ್ಪಾಡು ಹಳ್ಳಿಯಲ್ಲಿಯೂ ಸುಧಾರಿಸಬೇಕಾಗಿದೆ. ಮಾರ್ಗದರ್ಶಿ ಇಂಗ್ಲಿಷ್‌ನಲ್ಲಿ ಮತ್ತು ರಷ್ಯನ್‌ನಲ್ಲಿ ವಿವರಿಸುತ್ತಾರೆ. ಮೊದಲ ತುಣುಕಿನ ವೇಳೆ ಅವರು ಹಾಡಿನ ಮೇಲೆಯೇ ಪಿಸುದನಿಯಲ್ಲಿ ಅರ್ಥ ಹೇಳುತ್ತ ಹೋದರು. ಗಾಯಕನ ಗಮನವೂ ಕದಲಿತು, ಊರಿನವರ ಮುಖದಲ್ಲೂ ಅಸಮಾಧಾನ ಕಂಡಿತು. ಬಿಡುವಿನಲ್ಲಿ ಮಾತ್ರ ಹೇಳಿರೆಂದು ಕೇಳಿಕೊಂಡ ಮೇಲೆ ಎಲ್ಲವೂ ಸರಿಹೋಯಿತು. ಹಳ್ಳಿ ತಲುಪುವ ಮುನ್ನ, ಕಾರಿನಲ್ಲಿ ಕಳೆಯುವ ಮೂರ್ನಾಲ್ಕು ಗಂಟೆಗಳಲ್ಲಿ, ಗುರುಗ್ಲಿ, ಅವಜ್, ಅಹಮದ್, ಅವಜ್‌ನ ಮಗ ನೂರಾಲಿ ಇವರ ಸಂಬಂಧಗಳನ್ನೂ ಆ ರಾತ್ರಿ ಹಾಡುವ ದೋಸ್ತೋನ್‌ನ ಸಾರಾಂಶವನ್ನೂ ಹೇಳಿಬಿಟ್ಟರೆ ನಡುವೆ ಬಾಯಿ ಹಾಕುವ ಅಗತ್ಯವೇ ಬೀಳದು. ಕನ್ನಡಿಗರಿಗೆ ಇಲ್ಲೊಂದು ಅನುಕೂಲವಿದೆ. ತಾಜಿಕ್ ಎಂಬುದು ಪಾರ್ಸಿ ಭಾಷೆಯದೇ ಒಂದು ರೂಪ. ಬಹಮನಿ, ಆದಿಲ್‌ಶಾಹಿ ಕಾಲದಿಂದ ಕನ್ನಡಕ್ಕೆ ಬಂದು ಸೇರಿದ ಲಷ್ಕರು, ಮೈದಾನ, ದರ್ಬಾರು, ದೋಸ್ತ, ಪಾದಶಹ ಮುಂತಾದ ಪದಗಳು ತುಸು ಉಚ್ಚಾರದ ವ್ಯತ್ಯಾಸದೊಂದಿಗೆ ಆ ಒರಟು ದನಿಯೊಳಗಿಂದ ಆಗಾಗ ಎದ್ದುಬರುತ್ತವೆ. ಅರ್ಥದ ದಾರಿಯಲ್ಲಿ ಅವು ಅಲ್ಲಲ್ಲಿ ಕಾಲಿಡಲು ಜಾಗ ಕೊಡುತ್ತವೆ.

ಗಾಯಕರ ಬಗೆಗೆ ಈ ಸೇವೆ ತಿಳಿಸುವುದು ತೀರಾ ಕಡಿಮೆ. ತಾವಿಲ್ದಾರಾ ಕಡೆಯ ಹಿಕ್ಮತ್ ರಿಜೋ ಅವರಂಥ, ಹೆಸರು ದೇಶಕ್ಕೆಲ್ಲ ಗೊತ್ತಿದ್ದ ಗಾಯಕರು ಆಗಿಹೋಗಿದ್ದಾರೆ. ಅವರು ಗುರುಗ್ಲಿಯನ್ನು ಹಾಡಿದ್ದಷ್ಟೇ ಅಲ್ಲದೆ ಸ್ವತಃ ಜನಕವಿಯೂ ಆಗಿದ್ದರು. ಆದರೆ ಹೆಚ್ಚಿನ ಗುರುಗ್ಲಿಖೋನ್‌ಗಳು ಹೊಲ, ಕುರಿ, ಬಡಗಿ ಕೆಲಸಗಳಿಂದ ಬದುಕುವವರು. ಹಾಡು ಅವರ ಜೀವನೋಪಾಯವಲ್ಲ, ಊರು ಅವರಿಗೆ ಕೊಟ್ಟ ಹೊಣೆ. ಕಲಿಕೆ ನಡೆಯುವುದು ಉಸ್ತೋದ್ ಮತ್ತು ಶೋಗಿರ್ದ್, ಎಂದರೆ ಗುರು ಮತ್ತು ಶಿಷ್ಯರ, ವರ್ಷಗಟ್ಟಲೆ ಒಡನಾಟದಲ್ಲಿ. ಶಿಷ್ಯ ಮೊದಲು ಕೇಳುತ್ತಾನೆ, ಬಳಿಕ ಚಹಾದ ಬಿಡುವಿನಲ್ಲಿ ವಾದ್ಯ ಹಿಡಿಯುತ್ತಾನೆ, ಬಹಳ ತಡವಾಗಿ ಒಂದು ತುಣುಕು ಹಾಡುತ್ತಾನೆ. ಈ ಒಡನಾಟಕ್ಕೆ ಎರಡು ದೊಡ್ಡ ಪೆಟ್ಟುಗಳು ಬಿದ್ದಿವೆ. 1992ರಿಂದ 1997ರವರೆಗೆ ನಡೆದ ಅಂತರ್ಯುದ್ಧ ಈ ಕಾವ್ಯದ ನೆಲೆಗಳಾದ ಕುಲೋಬ್, ರಷ್ತ್, ತಾವಿಲ್ದಾರಾ ಸೀಮೆಗಳನ್ನೇ ಎದುರುಬದುರು ನಿಲ್ಲಿಸಿತು, ಹಳ್ಳಿಗಳನ್ನು ಖಾಲಿಮಾಡಿಸಿತು. ಅದು ಮುಗಿದ ಮೇಲೆ ಯುವಕರು ಕೂಲಿಗಾಗಿ ರಷ್ಯಾಕ್ಕೆ ಹೋಗುವುದು ಬೆಳೆಯಿತು. ಕಲಿಯುವ ವಯಸ್ಸಿನಲ್ಲಿ ಊರಿನಲ್ಲೇ ಇರುವವರು ಕಡಿಮೆಯಾದರು. ಬಾಗಿಲ ಬಳಿ ಕುಳಿತಿದ್ದ ಹುಡುಗರಲ್ಲಿ ಒಬ್ಬನಿಗೆ ಬಿಡುವಿನಲ್ಲಿ ವಾದ್ಯ ಕೊಟ್ಟಾಗ ಅವನು ನಾಚಿಕೊಂಡು ಮೀಟಿದ್ದು ಒಂದೆರಡು ನಿಮಿಷ ಮಾತ್ರ. ಆದರೂ ಕೋಣೆಯಲ್ಲಿದ್ದ ಹಿರಿಯರು ಆ ಎರಡು ನಿಮಿಷವನ್ನು ಎಷ್ಟು ಆಸ್ಥೆಯಿಂದ ಆಲಿಸಿದರೆಂಬುದನ್ನು ನೋಡಿದರೆ ಅವರ ಆತಂಕ ಅರ್ಥವಾಗುತ್ತಿತ್ತು.

ಆದ್ದರಿಂದ ಹಣದ ವಿಷಯವನ್ನು ನೇರವಾಗಿ ಎತ್ತಬೇಕಾಗುತ್ತದೆ. ಕೊಡುವ ಮೊತ್ತದಲ್ಲಿ ಕಾರು, ಊಟ, ವಸತಿ, ಮಾರ್ಗದರ್ಶಿ, ಗಾಯಕ ಎಲ್ಲವೂ ಸೇರಿರುತ್ತವೆ. ಗಾಯಕನ ಪಾಲು ಎಷ್ಟೆಂದು ಚೀಟಿಯಲ್ಲಿ ಬಿಡಿಸಿ ಬರೆದಿರುವುದಿಲ್ಲ. ಕೇಳಿದಾಗ ಉತ್ತರ ಕೊಟ್ಟರು, ಆ ಉತ್ತರ ನ್ಯಾಯವೆನಿಸುವಂತೆಯೂ ಇತ್ತು; ಆದರೆ ಕೇಳದೆಯೇ ತಿಳಿಸುವುದು ಇಬ್ಬರಿಗೂ ಗೌರವ. ಗಾಯಕನಿಗೆ ಎಲ್ಲರ ಮುಂದೆ ನೋಟು ಚಾಚಿ ಇನಾಮು ಕೊಡುವುದು ಅಲ್ಲಿಯ ಮರ್ಯಾದೆಗೆ ಒಪ್ಪುವಂಥದಲ್ಲ. ಕೊಡಬೇಕೆನಿಸಿದರೆ ಮನೆಯ ಯಜಮಾನರ ಮೂಲಕ, ಬಟ್ಟೆಯೋ ಮತ್ತೊಂದೋ ಉಡುಗೊರೆಯ ರೂಪದಲ್ಲಿ ಕೊಡುವುದು ಸರಿ. ವಯಸ್ಸಾದ ಗಾಯಕರನ್ನು "ಬೋಬೋ" (ಅಜ್ಜ) ಎಂದೂ, ಮನೆಯ ಯಜಮಾನರನ್ನು "ಅಕಾ" (ಅಣ್ಣ) ಎಂದೂ ಕರೆದರೆ ಮಾತು ಸಲೀಸಾಗುತ್ತದೆ.

ಪ್ರಯಾಣ, ಊಟ, ವಸತಿಗಳ ಬಗ್ಗೆ ದೂರುಗಳೇನಿಲ್ಲ. ದುಶಾಂಬೆಯಿಂದ ಕುಲೋಬ್ ಸುಮಾರು 200 ಕಿಲೋಮೀಟರ್. ಸುಮಾರು 300 ಮೀಟರ್ ಎತ್ತರದ ಅಣೆಕಟ್ಟಿರುವ ನುರೆಕ್ ಮತ್ತು ದಂಗರಾ ದಾಟಿ ಹೋಗುವ ರಸ್ತೆ ಚೆನ್ನಾಗಿದೆ. ಕುಲೋಬ್‌ನಲ್ಲಿ 14ನೆಯ ಶತಮಾನದ ಸೂಫಿ ಮೀರ್ ಸೈಯದ್ ಅಲಿ ಹಮದಾನಿಯವರ ಸಮಾಧಿಯ ಬಳಿ ಅರ್ಧ ಗಂಟೆ ನಿಲ್ಲಿಸುತ್ತಾರೆ. ಕಾಶ್ಮೀರದ ಧಾರ್ಮಿಕ ಇತಿಹಾಸದಲ್ಲಿ ದೊಡ್ಡ ಹೆಸರಾದ ಅವರು ಇಲ್ಲಿ ಮಣ್ಣಾಗಿದ್ದಾರೆಂಬುದು ಭಾರತದಿಂದ ಹೋದವರಿಗೆ ತಿಳಿದಿರಬೇಕಾದ ವಿಷಯ. ರಾತ್ರಿಯ ಊಟಕ್ಕೆ ಕುರುತೋಬ್: ಪದರಪದರವಾದ ರೊಟ್ಟಿಯನ್ನು ಮುರಿದು ಹಾಕಿ, ಒಣಗಿಸಿದ ಮೊಸರುಂಡೆಯನ್ನು ಕರಗಿಸಿದ ನೀರು ಸುರಿದು, ಮೇಲೆ ಈರುಳ್ಳಿ, ಸೊಪ್ಪು, ಎಣ್ಣೆ ಹಾಕಿದ ಮರದ ಹರಿವಾಣದಿಂದ ಎಲ್ಲರೂ ಕೈಯಲ್ಲೇ ತಿನ್ನುತ್ತಾರೆ. ಮಾಂಸವಿಲ್ಲದ ಅಡುಗೆಯಾದ್ದರಿಂದ ಸಸ್ಯಾಹಾರಿಗಳಿಗೆ ಅನುಕೂಲ. ರೊಟ್ಟಿಗೆ ಪ್ರಾಣಿಯ ಕೊಬ್ಬು ಬಳಸಿದ್ದಾರೆಯೇ ಎಂಬುದನ್ನು ಮಾತ್ರ ಮೊದಲೇ ಕೇಳಿಕೊಳ್ಳಬೇಕು. ಬೇಸಿಗೆಯಲ್ಲಿ ಖತ್ಲೋನ್‌ನ ಸೆಕೆ ಕಠಿಣ, ಊರಿನವರಿಗೆ ಹೊಲದ ಕೆಲಸವೂ ಹೆಚ್ಚು. ಹತ್ತಿ ಬಿಡಿಸುವ ಕೆಲಸ ಮುಗಿದ ನಂತರದ ಚಳಿಗಾಲದ ತಿಂಗಳುಗಳನ್ನೇ ಆರಿಸಿಕೊಳ್ಳಿ. ರಾತ್ರಿಗಳು ಉದ್ದವಿರುತ್ತವೆ, ಕೋಣೆಯಲ್ಲಿ ಜನವಿರುತ್ತಾರೆ.

ಮಹಿಳೆಯರ ವಿಷಯದಲ್ಲಿ ಸಂಘಟಕರು ಇನ್ನಷ್ಟು ಯೋಚಿಸಬೇಕು. ಹೊರಗಿನಿಂದ ಬಂದ ಮಹಿಳೆಯರಿಗೆ ಮುಖ್ಯ ಕೋಣೆಯಲ್ಲೇ ಜಾಗವಿತ್ತು, ಗೌರವವೂ ಇತ್ತು. ಆದರೆ ಆ ಮನೆಯ ಹೆಂಗಸರು ಪಕ್ಕದ ಕೋಣೆಯ ಬಾಗಿಲಿನ ಮರೆಯಲ್ಲಿ ನಿಂತೇ ಕೇಳಿದರು. ಅವರಲ್ಲಿ ಹಿರಿಯರೊಬ್ಬರಿಗೆ ಕಥೆಯ ಪ್ರತಿ ತಿರುವೂ ಗೊತ್ತಿತ್ತೆಂಬುದು ಬೆಳಿಗ್ಗೆ ಚಹಾ ಕುಡಿಯುವಾಗ ತಿಳಿಯಿತು. ಅವಜ್ ಏಕೆ ಮುನಿದನೆಂಬುದನ್ನು ಮಾರ್ಗದರ್ಶಿಗಿಂತ ಅವರೇ ಚೆನ್ನಾಗಿ ಬಿಡಿಸಿ ಹೇಳಿದರು. ಅಂಥವರೊಂದಿಗೆ ಮಾತಾಡಲು ಬೆಳಗಿನ ಹೊತ್ತಿನಲ್ಲಿ ಒಂದಿಷ್ಟು ಅವಕಾಶ ಇಟ್ಟುಕೊಂಡರೆ, ಗಾಯಕನಷ್ಟೇ ಈ ಕಾವ್ಯವನ್ನು ಕಾಪಾಡಿದ್ದಾನೆಂಬ ತಪ್ಪು ಗ್ರಹಿಕೆ ಹೋಗುತ್ತದೆ. ಈಗಿನ ವೇಳಾಪಟ್ಟಿಯಲ್ಲಿ ಬೆಳಿಗ್ಗೆ ತಿಂಡಿ ಮುಗಿದ ಕೂಡಲೇ ಹೊರಡಿಸುತ್ತಾರೆ.

ಧ್ವನಿಮುದ್ರಣಕ್ಕೆ ಗಾಯಕನ ಒಪ್ಪಿಗೆ ಕೇಳಬೇಕೆಂಬ ನಿಯಮವನ್ನು ಸಂಘಟಕರು ಹೊರಡುವ ಮೊದಲೇ ಹೇಳುತ್ತಾರೆ, ಇದು ಒಳ್ಳೆಯದು. ನಮ್ಮ ಗಾಯಕ ಒಂದು ತುಣುಕಿಗೆ ಒಪ್ಪಿದರು, ಉಳಿದದ್ದಕ್ಕೆ ಫೋನುಗಳನ್ನು ಕೆಳಗಿಡಿ ಎಂದರು. ಕ್ಯಾಮೆರಾದ ದೀಪ ಉರಿಯುತ್ತಿದ್ದಾಗ ಹಾಡಿದ ತುಣುಕಿಗೂ ಅದು ಆರಿದ ಮೇಲಿನ ತುಣುಕುಗಳಿಗೂ ಇದ್ದ ವ್ಯತ್ಯಾಸವನ್ನು ಕೇಳಿದವರು ಯಾರೂ ಈ ನಿರ್ಬಂಧಕ್ಕೆ ಬೇಸರಪಡಲಾರರು.

ಕಾಯ್ದಿರಿಸುವಾಗ ಎರಡು ರಾತ್ರಿಗಳನ್ನು ಕೇಳಿ. ಪಟ್ಟಿಯಲ್ಲಿ ಇಲ್ಲದಿದ್ದರೂ, ಮುಂಚಿತವಾಗಿ ತಿಳಿಸಿದರೆ ಏರ್ಪಡಿಸುತ್ತೇವೆಂದು ಸಂಘಟಕರು ಹೇಳಿದ್ದಾರೆ. ಒಂದು ದೋಸ್ತೋನ್ ಒಂದೇ ರಾತ್ರಿಯಲ್ಲಿ ಮುಗಿಯಬೇಕೆಂಬ ಕಟ್ಟುಪಾಡು ಹಿಂದೆ ಇರಲಿಲ್ಲ. ಕೇಳುಗರು ಮರುದಿನ ಕತ್ತಲಾದ ಮೇಲೆ ಮತ್ತೆ ಬಂದು ಸೇರುತ್ತಿದ್ದರು, ಗಾಯಕ ನಿಲ್ಲಿಸಿದ ಜಾಗದಿಂದ ಎತ್ತಿಕೊಳ್ಳುತ್ತಿದ್ದ. ನಮ್ಮ ಗಾಯಕ ಅವಜ್‌ನನ್ನು ಚಂಬುಲ್‌ಗೆ ಮರಳಿ ಕರೆತರುವ ಹೊತ್ತಿಗೆ ದಣಿದಿದ್ದರು. ಅತಿಥಿಗಳು ಬೆಳಿಗ್ಗೆ ಹೊರಡುವವರೆಂದು ತಿಳಿದದ್ದರಿಂದ ಕೊನೆಯ ಭಾಗವನ್ನು ತಮ್ಮ ಮನಸ್ಸಿಗಿಂತ ಬೇಗ ಮುಗಿಸಿದರೆಂದು ಮನೆಯ ಯಜಮಾನರು ಹೇಳಿದರು. ನೂರಾಲಿಯ ಕಥೆ ಅಲ್ಲಿಂದ ಮುಂದಕ್ಕೆ ಶುರುವಾಗುತ್ತದಂತೆ.